ಬಿದಿರು, ಕಾಗದ ಮತ್ತು ಕಾಯಕ: ಉತ್ತರ ಕನ್ನಡದ ಕಾಡು ಒಡ್ಡುವ ಒಂದು ಪ್ರಶ್ನೆ

೧

ಕನ್ನಡ ಸಾಹಿತ್ಯದಲ್ಲಿ ಅರಣ್ಯವರ್ಣನೆಗೆ ಕೊರತೆಯಿಲ್ಲ. ಆದಿಕವಿ ಪಂಪನು ತನ್ನ 'ವಿಕ್ರಮಾರ್ಜುನ ವಿಜಯ'ದಲ್ಲಿ ಬನವಾಸಿ ದೇಶದ ವನಸಿರಿಯನ್ನು ನೆನೆದುಕೊಂಡ ಬಗೆ ಸಾವಿರ ವರ್ಷಗಳ ಅನಂತರವೂ ಕನ್ನಡಿಗರ ಸ್ಮರಣೆಯಲ್ಲಿ ನಿಂತಿದೆ. ಅವನ ಹಿಂದಣಿಂದ ಬಂದ ಚಂಪೂಕವಿಗಳಿಗೆ ಉದ್ಯಾನವರ್ಣನೆ ಅಷ್ಟಾದಶ ವರ್ಣನೆಗಳಲ್ಲಿ ಒಂದಾಗಿ ವಿಧಿಸಲ್ಪಟ್ಟಿತು. ಬೇಟೆಯ ಪ್ರಸಂಗವು ಕಾಡನ್ನು ಕಾವ್ಯದೊಳಕ್ಕೆ ಕರೆತರುವ ನೆಪವಾಯಿತು. ಹನ್ನೆರಡನೆಯ ಶತಮಾನದ ವಚನಗಳಲ್ಲಿ ಈ ಸಂಪ್ರದಾಯ ಕಳಚಿಬಿದ್ದು, ಕಾಡು ಬೇರೊಂದು ರೀತಿಯಿಂದ ಮಾತಿಗೆ ಬಂದಿತು. ಅಕ್ಕಮಹಾದೇವಿಯವರಿಗೆ ಹಕ್ಕಿ, ದುಂಬಿ, ಮರಗಳು ವರ್ಣನೆಯ ವಸ್ತುಗಳಲ್ಲ. ಎದುರಿಗೆ ನಿಲ್ಲಿಸಿಕೊಂಡು ಪ್ರಶ್ನೆ ಕೇಳಬಹುದಾದ ಜೀವಗಳು.

ಆದರೆ ಈ ವಚನಗಳನ್ನು ವ್ಯಾಖ್ಯಾನಿಸಿದ ವಿಮರ್ಶೆಯು ಬಹುಮಟ್ಟಿಗೆ ಕಾಡನ್ನು ಸಂಕೇತವೆಂದೇ ಗ್ರಹಿಸಿತು. ಕಾಡೆಂದರೆ ಸಂಸಾರವೆಂಬ ಭವಾರಣ್ಯ, ಗಿಳಿಯೆಂದರೆ ಜೀವಾತ್ಮ, ದುಂಬಿಯೆಂದರೆ ಚಂಚಲಚಿತ್ತ ಎಂಬ ಸಮೀಕರಣಗಳು ಪಾಠಪ್ರವಚನಗಳಲ್ಲಿಯೂ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿಯೂ ರೂಢಿಯಾಗಿ ನಿಂತವು. ಈ ಓದು ತಪ್ಪೆನ್ನಲಾಗದು. ಅನುಭಾವದ ಭಾಷೆಗೆ ಸಂಕೇತ ಅನಿವಾರ್ಯವೇ ಸರಿ. ಆದರೆ ಅದು ಅಪೂರ್ಣವೆಂಬುದರಲ್ಲಿ ಸಂದೇಹವಿಲ್ಲ. ಅಕ್ಕನವರು ಮಾತನಾಡಿಸಿದ ಗಿಳಿ ಸಂಕೇತವಾಗುವುದಕ್ಕೆ ಮೊದಲು ಗಿಳಿಯಾಗಿತ್ತು; ಅದು ಕುಳಿತಿದ್ದ ಮರ ಮರವಾಗಿತ್ತು.

ಇದಕ್ಕೆ ಸಮಾನಾಂತರವಾದ ಇನ್ನೊಂದು ಅಪೂರ್ಣತೆ ಕಾಯಕತತ್ತ್ವದ ವಿವೇಚನೆಯಲ್ಲಿ ಕಂಡುಬರುತ್ತದೆ. ಇಪ್ಪತ್ತನೆಯ ಶತಮಾನದ ವಿದ್ವಾಂಸರು ಕಾಯಕದಲ್ಲಿ ದುಡಿಮೆಯ ಘನತೆಯನ್ನು ಕಂಡರು. ವೃತ್ತಿಗಳಲ್ಲಿ ಮೇಲುಕೀಳಿಲ್ಲವೆಂಬ ಸಮತೆಯನ್ನು ಕಂಡರು. ಮ್ಯಾಕ್ಸ್ ವೆಬರನು ಪ್ರಾಟೆಸ್ಟೆಂಟ್ ಧರ್ಮದ ದುಡಿಮೆಯ ನೀತಿಯನ್ನು ವಿವರಿಸಿದ ಕ್ರಮಕ್ಕೆ ಕಾಯಕವನ್ನು ಹೋಲಿಸಿದವರೂ ಉಂಟು. ದೇಶವು ಕಾರ್ಖಾನೆಗಳನ್ನೂ ಅಣೆಕಟ್ಟುಗಳನ್ನೂ ಕಟ್ಟಿಕೊಳ್ಳುತ್ತಿದ್ದ ಕಾಲದಲ್ಲಿ ಇಂತಹ ಓದು ಸಹಜವೂ ಸ್ಫೂರ್ತಿದಾಯಕವೂ ಆಗಿತ್ತು. ಆದರೆ ಕಾಯಕದ ಜೊತೆಗೆ ಶರಣರು ಬಿಡಿಸಲಾಗದಂತೆ ಹೆಣೆದಿದ್ದ ಮಿತಿಯ ತತ್ತ್ವ ಈ ಓದಿನಲ್ಲಿ ಸಡಿಲಗೊಂಡಿತು. ಎಷ್ಟು ದುಡಿಯಬೇಕೆಂಬ ಪ್ರಶ್ನೆಗೆ ದೊರೆತ ಮನ್ನಣೆ ಎಷ್ಟು ತೆಗೆದುಕೊಳ್ಳಬೇಕೆಂಬ ಪ್ರಶ್ನೆಗೆ ದೊರೆಯಲಿಲ್ಲ.

ಕಾಡು ಬರಿಯ ಸಂಕೇತ, ಕಾಯಕ ಬರಿಯ ದುಡಿಮೆ ಎಂಬ ಈ ಎರಡು ಓದುಗಳನ್ನು ಒರೆಗೆ ಹಚ್ಚಿ ನೋಡಲು ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ಬಿದಿರಿನ ಚರಿತ್ರೆಗಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ. ಅಲ್ಲಿ ಕಾಡು ಕಾಗದವಾಗಿದೆ. ಅಂತಹ ಕಾಗದದ ಮೇಲೆಯೇ ಸಾಹಿತ್ಯವೂ ವಿಮರ್ಶೆಯೂ ಅಚ್ಚಾಗುತ್ತವೆ.

೨

ಈ ಪ್ರದೇಶದ ಸ್ವರೂಪವನ್ನು ಮೊದಲು ಅರಿಯಬೇಕು. ಪಶ್ಚಿಮದಲ್ಲಿ ಜೋಯಿಡಾ ತಾಲೂಕು ಸಹ್ಯಾದ್ರಿಯ ನೆತ್ತಿಗೆ ಅಂಟಿಕೊಂಡಿದೆ. ಅಲ್ಲಿಯ ದಿಗ್ಗಿಯ ಬಳಿ ಹುಟ್ಟುವ ಕಾಳಿ ನದಿ ಸುಮಾರು ೧೮೪ ಕಿಲೋಮೀಟರು ಹರಿದು ಕಾರವಾರದ ಬಳಿ ಕಡಲನ್ನು ಸೇರುತ್ತದೆ. ಮಳೆ ಪಶ್ಚಿಮದಿಂದ ಪೂರ್ವಕ್ಕೆ ಬಂದಂತೆ ಇಳಿಯುತ್ತದೆ. ಅದರೊಡನೆ ಕಾಡಿನ ಬಣ್ಣವೂ ಬದಲಾಗುತ್ತದೆ. ಜೋಯಿಡಾದ ನಿತ್ಯಹರಿದ್ವರ್ಣದ ಕಾಡು ದಾಂಡೇಲಿಯ ಸುತ್ತ ಎಲೆಯುದುರುವ ತೇವಭರಿತ ಕಾಡಾಗಿ, ಹಳಿಯಾಳ ಮುಂಡಗೋಡಗಳ ಕಡೆಗೆ ಸಾಗುವಾಗ ತೇಗ, ಮತ್ತಿ, ಬಿದಿರುಗಳ ಒಣಕಾಡಾಗಿ, ಕೊನೆಗೆ ಧಾರವಾಡದ ಬಯಲಿನಲ್ಲಿ ಕರಗಿಹೋಗುತ್ತದೆ. ಕುಣಬಿ, ಸಿದ್ದಿ, ಗೌಳಿ ಮೊದಲಾದ ಜನವರ್ಗಗಳು ತಲೆಮಾರುಗಳಿಂದ ಈ ಕಾಡಿನೊಳಗೂ ಅಂಚಿನಲ್ಲಿಯೂ ಬಾಳಿವೆ.

ಶಿವಶರಣರ ಚರಿತ್ರೆಯಲ್ಲಿ ಈ ಕಾಡಿಗೆ ವಿಶಿಷ್ಟವಾದ ಸ್ಥಾನವಿದೆ. ಕಲ್ಯಾಣದ ಕ್ರಾಂತಿಯ ಅನಂತರ ಚೆನ್ನಬಸವಣ್ಣನವರ ನೇತೃತ್ವದಲ್ಲಿ ಶರಣರ ತಂಡವೊಂದು ಪಶ್ಚಿಮಾಭಿಮುಖವಾಗಿ ಬಂದು ಜೋಯಿಡಾ ತಾಲೂಕಿನ ಉಳವಿಯನ್ನು ಸೇರಿತೆಂಬುದು ಪರಂಪರೆಯ ನಂಬಿಕೆ. ಚೆನ್ನಬಸವಣ್ಣನವರ ಸಮಾಧಿ ಅಲ್ಲಿದೆ. ಅಕ್ಕನಾಗಮ್ಮನವರ ಹೆಸರಿನ ಗವಿಯೂ ಅಲ್ಲಿದೆ. ಭರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿ ಮೊದಲಾದ ಕಡೆಗಳ ರೈತರು ಚಕ್ಕಡಿ ಕಟ್ಟಿಕೊಂಡು ಹೋಗುವ ಪದ್ಧತಿ ಇಂದಿಗೂ ನಿಂತಿಲ್ಲ.

ಉಳವಿಯ ಈ ಚರಿತ್ರೆಯನ್ನು ಬರೆದವರು ಶರಣರ ತ್ಯಾಗವನ್ನು ಕುರಿತು, ವಚನದ ಕಟ್ಟುಗಳು ಉಳಿದುಬಂದ ಪವಾಡವನ್ನು ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ಅವರನ್ನು ಉಳಿಸಿದ್ದು ಏನೆಂಬುದು ಮಾತ್ರ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಬೆನ್ನಟ್ಟಿ ಬಂದ ಸೈನ್ಯಕ್ಕೆ ದುರ್ಗಮವಾದ ಕಾಡು, ತಲೆಮರೆಸಿಕೊಳ್ಳಲು ಗವಿ, ಬಾಯಾರಿಕೆಗೆ ಬೇಸಗೆಯಲ್ಲಿಯೂ ಬತ್ತದ ಒರತೆ, ಹಸಿವಿಗೆ ಗೆಡ್ಡೆಗೆಣಸು — ಇವಿಷ್ಟಿಲ್ಲದಿದ್ದರೆ ಉಳವಿಯು ಆಶ್ರಯಸ್ಥಾನವಾಗುತ್ತಿರಲಿಲ್ಲ. ಪರಂಪರೆಯ ಮಾತನ್ನು ಒಪ್ಪುವವರು ಈ ಮಾತನ್ನೂ ಒಪ್ಪಬೇಕಾಗುತ್ತದೆ: ವಚನವಾಙ್ಮಯದ ಉಳಿವಿನಲ್ಲಿ ಕಾಡಿಗೊಂದು ಪಾಲಿದೆ. ಆ ಋಣವನ್ನು ಸಂಕೇತವೆಂದು ವ್ಯಾಖ್ಯಾನಿಸಿ ತೀರಿಸಲಾಗದು.

೩

ಶರಣಸಮೂಹದಲ್ಲಿ ಕಾಡಿನೊಡನೆ ಪ್ರತಿದಿನದ ವ್ಯವಹಾರವಿದ್ದವರು ಮೇದಾರ ಕೇತಯ್ಯನವರು. ಬಿದಿರನ್ನು ಕಡಿದು ತಂದು ಬುಟ್ಟಿ, ಮೊರಗಳನ್ನು ಹೆಣೆದು ಮಾರಿ, ಬಂದುದರಲ್ಲಿ ದಾಸೋಹ ನಡೆಸುವುದು ಅವರ ಕಾಯಕ. 'ಗವರೇಶ್ವರ' ಎಂಬ ಅಂಕಿತದಲ್ಲಿ ದೊರೆತಿರುವ ಅವರ ವಚನಗಳು ಕೆಲವೇ. ವಚನಗಳಿಗಿಂತ ಹೆಚ್ಚಾಗಿ ಅವರ ಕಥೆಗಳು ಜನಮನದಲ್ಲಿ ನೆಲೆಸಿವೆ. ಅವುಗಳಲ್ಲಿ ಒಂದು ಪ್ರಕೃತಕ್ಕೆ ಮುಖ್ಯವಾದುದು. ಭಕ್ತನನ್ನು ಪರೀಕ್ಷಿಸಲೆಂದು ಶಿವನು ಬಿದಿರಿನ ಒಳಗೆ ಹೊನ್ನನ್ನು ತುಂಬಿದನಂತೆ. ಕೇತಯ್ಯನವರು ಬಿದಿರನ್ನು ಕಡಿದಾಗ ಹೊನ್ನು ಸುರಿಯಿತು. ಅವರು ಅದನ್ನು ಹುಳು ಹಿಡಿದ ಬಿದಿರೆಂದು ಬಗೆದು ಅಲ್ಲಿಯೇ ಬಿಟ್ಟು, ಬುಟ್ಟಿಗೆ ತಕ್ಕ ಬೇರೊಂದು ಬಿದಿರನ್ನು ಅರಸಿ ಮುಂದೆ ನಡೆದರು. ಬಿದಿರು ಎದೆಗೆ ನಾಟಿ ಪ್ರಾಣ ಹೋಗುವ ಹೊತ್ತಿನಲ್ಲಿಯೂ ಅವರು ಅಂದಿನ ದಾಸೋಹಕ್ಕೆ ಚ್ಯುತಿ ಬಾರದಂತೆ ನೋಡಿಕೊಂಡರೆಂಬುದು ಇನ್ನೊಂದು ಕಥೆ.

ಹೊನ್ನಿನ ಬಿದಿರಿನ ಕಥೆಯನ್ನು ಸಾಮಾನ್ಯವಾಗಿ ನಿರ್ಲೋಭದ ದೃಷ್ಟಾಂತವೆಂದು ಹೇಳಿ ಮುಗಿಸಲಾಗುತ್ತದೆ. ಆದರೆ ಕಥೆಯ ವಿವರ ಅದಕ್ಕಿಂತ ಸೂಕ್ಷ್ಮವಾದುದು. ಕೇತಯ್ಯನವರು ಹೊನ್ನನ್ನು ಪಾಪವೆಂದು ತಿರಸ್ಕರಿಸಲಿಲ್ಲ; ಕೆಟ್ಟ ಬಿದಿರೆಂದು ತಿರಸ್ಕರಿಸಿದರು. ಅವರ ಅಳತೆಗೋಲು ಬಿದಿರಿನದೇ ಹೊರತು ಹೊನ್ನಿನದಲ್ಲ. ಬಿದಿರು ಬಿದಿರಾಗಿ ಬೆಲೆಯುಳ್ಳದ್ದು. ಅದರೊಳಗೆ ಹೊನ್ನು ಕಾಣತೊಡಗಿದ ಕ್ಷಣವೇ ಅದು ಕಾಯಕಕ್ಕೆ ಒದಗದ ವಸ್ತುವಾಗುತ್ತದೆ. ವಸ್ತುವಿನ ಸ್ವಭಾವವನ್ನು ಗೌರವಿಸುವ ಈ ದೃಷ್ಟಿ ಕಾಯಕದ ಒಳತಿರುಳು.

ಇದಕ್ಕೆ ಪೂರಕವಾದುದು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ವೃತ್ತಾಂತ. ನೆಲದ ಮೇಲೆ ಬಿದ್ದ ಅಕ್ಕಿಯನ್ನು ಆಯುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಹೆಚ್ಚಾದುದನ್ನು ತಂದಲ್ಲಿಯೇ ಚೆಲ್ಲಿ ಬರುವಂತೆ ಲಕ್ಕಮ್ಮನವರು ಹೇಳಿ ಕಳುಹಿದರು. ಅಕ್ಕಿಯನ್ನು ಮಾರಯ್ಯನವರು ಕದ್ದು ತಂದಿರಲಿಲ್ಲ, ದುಡಿದೇ ತಂದಿದ್ದರು. ಆದರೂ ಅದು ದಿನದ ಅಗತ್ಯವನ್ನು ಮೀರಿತ್ತು. ದುಡಿದುದೆಲ್ಲ ದುಡಿದವನದೇ ಎಂಬ ವಾದವನ್ನು ಲಕ್ಕಮ್ಮನವರು ಒಪ್ಪಲಿಲ್ಲ. ಕಾಯಕಕ್ಕೆ ಮಿತಿಯುಂಟೆಂಬ ಮಾತನ್ನು ಇಷ್ಟು ನೇರವಾಗಿ ಹೇಳುವ ಪ್ರಸಂಗ ಶರಣಚರಿತ್ರೆಯಲ್ಲಿ ವಿರಳ. ಈ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವಸ್ತುವಿನ ಸ್ವಭಾವಕ್ಕೆ ಗೌರವ, ತೆಗೆದುಕೊಳ್ಳುವುದಕ್ಕೆ ಮಿತಿ ಎಂಬ ಎರಡು ಸೂತ್ರಗಳು ದೊರೆಯುತ್ತವೆ. ದಾಂಡೇಲಿಯ ಬಿದಿರಿಗೆ ಇಪ್ಪತ್ತನೆಯ ಶತಮಾನದಲ್ಲಿ ಒದಗಿದ ಗತಿಯನ್ನು ಈ ಸೂತ್ರಗಳ ಬೆಳಕಿನಲ್ಲಿ ಪರಿಶೀಲಿಸಬೇಕು.

೪

ವೆಸ್ಟ್ ಕೋಸ್ಟ್ ಪೇಪರ್ ಮಿಲ್ ೧೯೫೫ರಲ್ಲಿ ಸ್ಥಾಪನೆಗೊಂಡು ೧೯೫೯ರಲ್ಲಿ ಕಾಳಿ ನದಿಯ ದಂಡೆಯ ದಾಂಡೇಲಿಯಲ್ಲಿ ಕಾಗದದ ಉತ್ಪಾದನೆಯನ್ನು ಆರಂಭಿಸಿತು. ಆ ಸ್ಥಳದ ಆಯ್ಕೆಗೆ ಕಾರಣ ಸ್ಪಷ್ಟವಾಗಿತ್ತು: ಸುತ್ತಲೂ ಬಿದಿರು, ಮಗ್ಗುಲಲ್ಲಿ ನೀರು. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಶಾಲೆಗಳು ತೆರೆಯುತ್ತಿದ್ದವು, ಪಠ್ಯಪುಸ್ತಕಗಳು ಬೇಕಾಗಿದ್ದವು, ಪತ್ರಿಕೆಗಳು ಬೆಳೆಯುತ್ತಿದ್ದವು. ಕಾಗದವು ದೇಶದ ಅಗತ್ಯವಾಗಿತ್ತು. ಗಿರಣಿಯು ಸಾವಿರಾರು ಕುಟುಂಬಗಳಿಗೆ ಅನ್ನ ನೀಡಿತು. ಕಾಡಿನ ನಡುವಣ ಒಂದು ಚಿಕ್ಕ ಊರು ಪಟ್ಟಣವಾಯಿತು. ಇದನ್ನು ಮರೆಮಾಚಿ ಮಾಡುವ ವಿಮರ್ಶೆ ನ್ಯಾಯವಾದುದಲ್ಲ.

ಆದರೆ ಬಿದಿರು ದೊರೆತ ಬೆಲೆಯ ಸಂಗತಿಯನ್ನು ಲಕ್ಷಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪರಿಸರವಿಜ್ಞಾನಿ ಮಾಧವ ಗಾಡ್ಗೀಳರ ಬರಹಗಳ ಪ್ರಕಾರ, ಗಿರಣಿಗೆ ಸರಕಾರವು ಬಿದಿರನ್ನು ಒದಗಿಸಿದ ದರ ಟನ್ನಿಗೆ ಒಂದೂವರೆ ರೂಪಾಯಿ. ಬುಟ್ಟಿ ಹೆಣೆಯುವ ಮೇದಾರನು ಪೇಟೆಯಲ್ಲಿ ಅದೇ ಬಿದಿರಿಗೆ ಕೊಡಬೇಕಾಗಿದ್ದ ಬೆಲೆ ಇದರೊಡನೆ ಹೋಲಿಸಲಾಗದಷ್ಟು ದೊಡ್ಡದು. ಬಿದಿರಿನೊಳಗೆ ಹೊನ್ನು ಕಂಡವರಿಗೆ ಅದು ಅಗ್ಗವಾಯಿತು. ಬಿದಿರನ್ನು ಬಿದಿರಾಗಿ ಕಂಡವರಿಗೆ ದುಬಾರಿಯಾಯಿತು. ಬೆಲೆಯಿಲ್ಲದ ವಸ್ತುವನ್ನು ಮಿತಿಯಿಂದ ಬಳಸುವವರು ವಿರಳ.

ಬಿದಿರು ಬೆಳೆಯುವ ಕ್ರಮವನ್ನು ತಿಳಿದರೆ ಮುಂದಿನ ಸಂಗತಿ ವಿಶದವಾಗುತ್ತದೆ. ಮಳೆಗಾಲದಲ್ಲಿ ಮೆಳೆಯ ಬುಡದಿಂದ ಕಳಲೆ ಮೇಲೇಳುತ್ತದೆ. ಕೆಲವೇ ತಿಂಗಳುಗಳಲ್ಲಿ ಪೂರ್ಣ ಎತ್ತರಕ್ಕೆ ಬೆಳೆಯುತ್ತದೆ. ಬಲಿಯಲು ಮಾತ್ರ ವರ್ಷಗಳು ಬೇಕು. ಹಳೆಯ ಗಳಗಳು ಎಳೆಯವಕ್ಕೆ ಆಸರೆಯಾಗಿ ನಿಲ್ಲುತ್ತವೆ. ಮೆಳೆಯಿಂದ ಬಲಿತವನ್ನು ಆಯ್ದು, ಎಳೆಯವನ್ನು ಬಿಟ್ಟರೆ ಬಿದಿರು ಹಲವು ದಶಕಗಳ ಕಾಲ ಕೊಡುತ್ತಲೇ ಇರುತ್ತದೆ. ಕೊನೆಗೆ ಒಮ್ಮೆ ಹೂಬಿಟ್ಟು, ಅಕ್ಕಿಯಂತಹ ಬೀಜವನ್ನು ಚೆಲ್ಲಿ, ಮೆಳೆಯೇ ಒಣಗಿ ಸಾಯುತ್ತದೆ. ಆ ಬೀಜದಿಂದ ಹೊಸ ಕಾಡು ಹುಟ್ಟುತ್ತದೆ. ಬಿದಿರಿನ ಸ್ವಭಾವದಲ್ಲಿಯೇ ತೆಗೆದುಕೊಳ್ಳುವವನಿಗೆ ಒಂದು ಮಿತಿ ಬರೆದಿದೆ. ಆ ಮಿತಿಯನ್ನು ಮೇದಾರನ ಕತ್ತಿ ಅರಿತಿತ್ತು. ಮೇದಾರರೆಲ್ಲರೂ ನಿಸ್ಪೃಹರೆಂದು ಇದರ ಅರ್ಥವಲ್ಲ. ಒಬ್ಬ ಮನುಷ್ಯ ಹೊತ್ತು ತರಬಲ್ಲಷ್ಟು, ಒಂದು ಮನೆ ಹೆಣೆಯಬಲ್ಲಷ್ಟು ಬಿದಿರೇ ಅವರ ಕಸುಬಿಗೆ ಸಾಕಾಗಿತ್ತು. ದಿನಕ್ಕೆ ನೂರಾರು ಟನ್ನುಗಳನ್ನು ಬೇಡುವ ಯಂತ್ರಕ್ಕೆ, ತೂಕದ ಮೇಲೆ ಹಣ ಪಡೆಯುವ ಗುತ್ತಿಗೆದಾರನಿಗೆ ಅಂತಹ ತಡೆಯಿರಲಿಲ್ಲ.

ಎರಡು ದಶಕಗಳು ಪೂರ್ಣಗೊಳ್ಳುವ ಮೊದಲೇ ಬಿದಿರಿನ ಕೊರತೆ ಎದ್ದುಕಂಡಿತು. ಕಾಡಿನಲ್ಲಿ ಇದೆಯೆಂದು ಲೆಕ್ಕಹಾಕಿದ್ದಕ್ಕಿಂತ ವಾಸ್ತವವಾಗಿ ಇದ್ದುದು ಬಹಳ ಕಡಿಮೆಯೆಂಬುದು ಬೆಳಕಿಗೆ ಬಂದಿತು. ಗಿರಣಿಯು ಹೊರರಾಜ್ಯಗಳ ಕಾಡುಗಳತ್ತ ಕೈಚಾಚಿತು. ಜಿಲ್ಲೆಯಲ್ಲಿ ಸಹಜ ಕಾಡನ್ನು ಸವರಿ ನೀಲಗಿರಿಯ ನೆಡುತೋಪುಗಳನ್ನು ಎಬ್ಬಿಸಿದ ಪ್ರಯತ್ನವು ಹೆಚ್ಚು ಮಳೆಯ ಕಡೆಗಳಲ್ಲಿ ಶಿಲೀಂಧ್ರದಿಂದ ಬರುವ ಗುಲಾಬಿ ರೋಗಕ್ಕೆ ತುತ್ತಾಯಿತು. ಮುಂದೆ ರೈತರ ಹೊಲಗಳಲ್ಲಿ ಮರ ಬೆಳೆಸಿ ಕೊಳ್ಳುವ ವ್ಯವಸ್ಥೆಗೆ ಗಿರಣಿ ತಿರುಗಿಕೊಂಡಿತು. ಅದು ಸ್ವಾಗತಾರ್ಹವಾದ ಬದಲಾವಣೆಯೇ ಆದರೂ, ಕಾಡಿನ ಮಿತಿ ಅರಿವಿಗೆ ಬಂದದ್ದು ಬಿದಿರು ತೀರಿದ ಮೇಲೆ ಎಂಬ ಸಂಗತಿ ಉಳಿಯುತ್ತದೆ.

೫

ಬಿದಿರು ಸವೆದುಹೋಗುತ್ತಿದೆಯೆಂದು ಮೊದಲು ದೂರಿಕೊಂಡವರಲ್ಲಿ ಬುಟ್ಟಿ ಹೆಣೆಯುವವರೇ ಮುಖ್ಯರೆಂಬುದು ಅರ್ಥಪೂರ್ಣವಾದ ಸಂಗತಿ. ಕೇತಯ್ಯನವರ ಕಸುಬಿನವರು ಎತ್ತಿದ ಆ ಪ್ರಶ್ನೆಯ ಬೆನ್ನಲ್ಲಿ ಸರಕಾರದ ಇಚ್ಛೆಯಂತೆ ೧೯೭೫ರ ಸುಮಾರಿಗೆ ಗಾಡ್ಗೀಳರೂ ಅವರ ಸಹೋದ್ಯೋಗಿಗಳೂ ಉತ್ತರ ಕನ್ನಡದ ಬಿದಿರನ್ನು ಕುರಿತು ವ್ಯಾಸಂಗ ಕೈಗೊಂಡರು. ಬಿದಿರಿನ ನಾಶಕ್ಕೆ ಹಳ್ಳಿಗರ ದನಗಳೂ ಹಳ್ಳಿಗರ ಬಳಕೆಯೂ ಕಾರಣವೆಂಬುದು ಅಲ್ಲಿಯವರೆಗಿನ ಅಧಿಕೃತ ನಂಬಿಕೆಯಾಗಿತ್ತು. ವ್ಯಾಸಂಗದಿಂದ ಹೊರಬಿದ್ದ ಸಂಗತಿ ಬೇರೆ. ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳುಗೊಂಬೆಗಳ ಹೊದಿಕೆ ಹೆಣೆದುಕೊಂಡಿರುತ್ತದೆ. ಬಿದಿರು ಚೆನ್ನಾಗಿ ಬೆಳೆಯಲೆಂಬ ಸದುದ್ದೇಶದಿಂದಲೇ ಅರಣ್ಯ ಸಿಬ್ಬಂದಿಯು ಅದನ್ನು ಕಸವೆಂದು ಸವರಿ ಶುಚಿಗೊಳಿಸುತ್ತಿತ್ತು. ಆ ಮುಳ್ಳು ಹೋದೊಡನೆ ಕಳಲೆಗಳು ದನಗಳ ಬಾಯಿಗೂ ಕಾಡುಪ್ರಾಣಿಗಳ ಬಾಯಿಗೂ ಸುಲಭವಾಗಿ ಸಿಕ್ಕುತ್ತಿದ್ದವು. ಮುಳ್ಳು ಎಳೆಯ ಬಿದಿರಿನ ಬೇಲಿಯೆಂಬುದನ್ನು ಹಳ್ಳಿಯ ಜನ ಮೊದಲಿನಿಂದಲೂ ಬಲ್ಲವರಾಗಿದ್ದರು; ಆದರೆ ಅವರನ್ನು ಕೇಳಿದವರಿರಲಿಲ್ಲ.

ಈ ಸಂಗತಿ ಸಾಹಿತ್ಯ ವಿದ್ಯಾರ್ಥಿಗಳಿಗೂ ಪಾಠವಾಗತಕ್ಕದ್ದು. ವಚನಗಳ ಆಧುನಿಕ ಸಂಪಾದನೆ ಮತ್ತು ವಿಮರ್ಶೆಯು ಕನ್ನಡಕ್ಕೆ ಮಹೋಪಕಾರವನ್ನು ಮಾಡಿದೆ. ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಅರಸಿ ಅಲೆದು, ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದಂದಿನಿಂದ ೧೯೯೩ರಲ್ಲಿ ಸಮಗ್ರ ವಚನ ಸಂಪುಟಗಳು ಹೊರಬಂದವರೆಗಿನ ಪರಿಶ್ರಮ ಸಾಮಾನ್ಯವಾದುದಲ್ಲ. ಆದರೆ ವಚನದ ಸುತ್ತ ಬೆಳೆದಿದ್ದ ಪುರಾಣಕಥೆಗಳನ್ನು ಪವಾಡಗಳ ಕಸವೆಂದು ಬದಿಗೊತ್ತುವ ಪ್ರವೃತ್ತಿಯೂ ಅದರೊಡನೆ ಬೆಳೆಯಿತು. ಐತಿಹಾಸಿಕ ಸತ್ಯದ ದೃಷ್ಟಿಯಿಂದ ಅದು ಸಾಧುವಾದರೂ, ಹೊನ್ನಿನ ಬಿದಿರಿನ ಕಥೆಯನ್ನು ಬಿಟ್ಟರೆ ಕೇತಯ್ಯನವರ ಕಾಯಕದ ಮಿತಿಯನ್ನು ಕಾಯುವ ಬೇಲಿಯೇ ಬಿದ್ದುಹೋಗುತ್ತದೆ. ಬರಿಯ 'ಕಾಯಕ' ಎಂಬ ಪದ ಉಳಿಯುತ್ತದೆ. ಅದನ್ನು ಯಾವ ಉತ್ಪಾದನೆಯ ಘೋಷಣೆಗೂ ಬಳಸಿಕೊಳ್ಳಬಹುದು. ಕಥೆಯನ್ನು ಇತಿಹಾಸವೆಂದು ನಂಬಬೇಕಾಗಿಲ್ಲ. ಅದು ಏನನ್ನು ಕಾಯುತ್ತಿದೆಯೆಂದು ಕೇಳದೆ ಕಡಿಯಬಾರದು.

೬

ಪದಗಳ ಬಳಕೆಯಿಂದ ಬದುಕು ಬದಲಾಗುತ್ತದೆಂಬುದಕ್ಕೆ ಬಿದಿರಿನ ಕಾನೂನೂ ಸಾಕ್ಷಿ ನುಡಿಯುತ್ತದೆ. ಸಸ್ಯಶಾಸ್ತ್ರದ ಪ್ರಕಾರ ಬಿದಿರು ಹುಲ್ಲಿನ ಜಾತಿಗೆ ಸೇರಿದುದು. ಆದರೆ ೧೯೨೭ರ ಭಾರತೀಯ ಅರಣ್ಯ ಕಾಯಿದೆಯು ಅದನ್ನು ಮರವೆಂದು ಎಣಿಸಿತು. ಮರವೆಂದೊಡನೆ ಅದನ್ನು ಕಡಿಯುವುದಕ್ಕೂ ಸಾಗಿಸುವುದಕ್ಕೂ ಪರವಾನಗಿ ಬೇಕಾಯಿತು. ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯು ಬಿದಿರನ್ನು ಕಿರು ಅರಣ್ಯ ಉತ್ಪನ್ನವೆಂದು ಕರೆದು ಅರಣ್ಯವಾಸಿಗಳ ಹಕ್ಕಿನ ವ್ಯಾಪ್ತಿಗೆ ತಂದಿತು. ೨೦೧೭ರ ತಿದ್ದುಪಡಿಯು ಕಾಡಿನ ಹೊರಗೆ ಬೆಳೆದ ಬಿದಿರನ್ನು ಮರದ ವ್ಯಾಖ್ಯೆಯಿಂದ ಕೈಬಿಟ್ಟಿತು. ಒಂದು ಹುಲ್ಲು ತನ್ನ ಹೆಸರನ್ನು ಮರಳಿ ಪಡೆಯಲು ತೊಂಬತ್ತು ವರ್ಷಗಳು ಹಿಡಿದವು. ನುಡಿಯು ನಡೆಯನ್ನು ಕಟ್ಟುತ್ತದೆ, ಕೆಡಿಸುತ್ತದೆ ಎಂಬ ಶರಣರ ಎಚ್ಚರವು ಕಾಯಿದೆಯ ನುಡಿಗೂ ವಿಮರ್ಶೆಯ ನುಡಿಗೂ ಸಮಾನವಾಗಿ ಅನ್ವಯಿಸುವಂತಹುದು.

ಆಧುನಿಕ ಕನ್ನಡ ಸಾಹಿತ್ಯವು ಕಾಡನ್ನು ನೋಡಿದ ಬಗೆಯನ್ನೂ ಇಲ್ಲಿ ಸಂಕ್ಷೇಪವಾಗಿ ಸ್ಮರಿಸಬಹುದು. ಕುವೆಂಪು ಅವರ ಕಾದಂಬರಿಗಳಲ್ಲಿ ಮಲೆನಾಡಿನ ಕಾಡು ಪಾತ್ರದಷ್ಟೇ ಜೀವಂತವಾಗಿದೆ. ೧೯೪೩ರಲ್ಲಿ ಪ್ರಕಟವಾದ ಶಿವರಾಮ ಕಾರಂತರ 'ಬೆಟ್ಟದ ಜೀವ'ದಲ್ಲಿ ಕಾಡನ್ನು ಕಡಿದು ತೋಟವೆಬ್ಬಿಸುವ ಗೋಪಾಲಯ್ಯನ ಛಲವೇ ಜೀವನಪ್ರೀತಿಯ ಪ್ರತೀಕ. ಕಾಡು ಅಪಾರವಾಗಿದ್ದು ಮನುಷ್ಯ ಅಲ್ಪನಾಗಿದ್ದ ಕಾಲದ ಕೃತಿಯದು. ಅದನ್ನು ಇಂದಿನ ಕಣ್ಣಿನಿಂದ ದೂಷಿಸುವುದು ಸಲ್ಲ. ಅದೇ ಕಾರಂತರು ೧೯೮೯ರಲ್ಲಿ, ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ, ಕಾಳಿ ನದಿಯ ದಂಡೆಯ ಕೈಗಾದಲ್ಲಿ ಅಣುಸ್ಥಾವರ ಬೇಡವೆಂದು ಉತ್ತರ ಕನ್ನಡದಿಂದ ಲೋಕಸಭೆಯ ಚುನಾವಣೆಗೆ ನಿಂತರು. ಸೋತರೂ, ಬೆಟ್ಟವನ್ನು ಗೆಲ್ಲುವ ಮನುಷ್ಯನ ಕಥೆ ಬರೆದ ಲೇಖಕನು ಬೆಟ್ಟದ ಪರವಾಗಿ ನಿಂತುದು ಕನ್ನಡ ಸಾಹಿತ್ಯದ ಆತ್ಮಪರೀಕ್ಷೆಯ ಒಂದು ಘಟ್ಟವೆನ್ನಬೇಕು.

ಆ ಹೊತ್ತಿಗೆ ಜಿಲ್ಲೆಯಲ್ಲಿ ಜಾಗೃತಿ ಮೂಡಿತ್ತು. ೧೯೮೧ರಲ್ಲಿ ಶಿರಸಿಯಲ್ಲಿ ನಡೆದ ವಿಚಾರಸಂಕಿರಣವು ಬೇಡ್ತಿ ಜಲವಿದ್ಯುತ್ ಯೋಜನೆಯ ಲಾಭನಷ್ಟಗಳನ್ನು ಜನರ ಮುಂದೆಯೇ ತೂಗಿ ನೋಡಿತು. ಆ ಯೋಜನೆ ಅಂದು ನಿಂತಿತು. ೧೯೮೩ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿ ನಿಂತು ಅಪ್ಪಿಕೋ ಚಳವಳಿಗೆ ನಾಂದಿ ಹಾಡಿದರು. 'ಉಳಿಸು, ಬೆಳೆಸು, ಬಳಸು' ಎಂಬುದು ಆ ಚಳವಳಿಯ ಘೋಷಣೆ. ಇದರಲ್ಲಿ ಬಳಕೆಗೆ ನಿಷೇಧವಿಲ್ಲ. ಆದರೆ ಬಳಕೆಯ ಸ್ಥಾನ ಮೂರನೆಯದು. ಕಾಯಕದ ಮಿತಿಯನ್ನು ಅರಿತವರಿಗೆ ಈ ಅನುಕ್ರಮ ಅಪರಿಚಿತವೆನಿಸಬಾರದಾಗಿತ್ತು. ಆದರೂ ವಚನಸಾಹಿತ್ಯದ ವಿದ್ವತ್ತು ಈ ಚಳವಳಿಯನ್ನು ತನ್ನ ಚಿಂತನೆಯ ವಿಷಯವನ್ನಾಗಿ ಮಾಡಿಕೊಂಡುದು ಅತ್ಯಲ್ಪ. ಒಂದು ಕಡೆ ಕಾಯಕವನ್ನು ಕುರಿತ ಉಪನ್ಯಾಸಗಳು, ಇನ್ನೊಂದು ಕಡೆ ಕಾಡನ್ನು ಕುರಿತ ಹೋರಾಟಗಳು ನಡೆದವು. ಎರಡಕ್ಕೂ ನಡುವೆ ಕೇತಯ್ಯನವರಿದ್ದರೆಂಬುದು ಯಾರ ಗಮನಕ್ಕೂ ಬಂದಂತಿಲ್ಲ.

೭

ಇಂದಿನ ಸ್ಥಿತಿಯಾದರೂ ಏನು? ಕಾಳಿ ನದಿಗೆ ಸೂಪಾದಲ್ಲಿ ಕಟ್ಟಿದ ೧೦೧ ಮೀಟರು ಎತ್ತರದ ಅಣೆಕಟ್ಟು ೧೯೮೭ರಲ್ಲಿ ಪೂರ್ಣಗೊಂಡಿತು. ಹಳೆಯ ಸೂಪಾ ಪಟ್ಟಣವೂ ಸುತ್ತಣ ಹಳ್ಳಿಗಳೂ ಕಾಡೂ ನೀರಿನಡಿಯಾದವು. ಜನರು ರಾಮನಗರ ಮೊದಲಾದ ಕಡೆಗಳಿಗೆ ಎದ್ದುಹೋದರು. ತಾಲೂಕಿನ ಕೇಂದ್ರ ಜೋಯಿಡಾ ಆಯಿತು. ರಕ್ಷಣೆಯ ಕಾರ್ಯವೂ ನಡೆದಿದೆ: ೧೯೫೬ರಲ್ಲಿ ದಾಂಡೇಲಿ ವನ್ಯಜೀವಿಧಾಮ, ೧೯೮೭ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ ಘೋಷಿತವಾದವು, ೨೦೦೭ರಲ್ಲಿ ಎರಡೂ ಕೂಡಿ ಹುಲಿ ಸಂರಕ್ಷಿತ ಪ್ರದೇಶವಾಗಿ, ೨೦೧೫ರಲ್ಲಿ ಅದಕ್ಕೆ ಕಾಳಿಯ ಹೆಸರಿಡಲಾಯಿತು. ಮಂಗಟ್ಟೆ ಹಕ್ಕಿಗಳಿಗಾಗಿ ೨೦೧೧ರಲ್ಲಿ ದಾಂಡೇಲಿಯ ಬಳಿ ಪ್ರತ್ಯೇಕ ಮೀಸಲು ಪ್ರದೇಶವೇ ರೂಪುಗೊಂಡಿತು.

ಇವೆಲ್ಲ ಅಭಿನಂದನೀಯವೇ. ಆದರೆ ಗೆರೆಯೆಳೆದು ಕಾಪಾಡಿದ ಕಾಡಿನ ಹೊರಗೆ ಕಥೆ ಬೇರೆಯಾಗಿದೆ. ಆನೆಗಳು ಹಳಿಯಾಳ, ಮುಂಡಗೋಡದ ಭತ್ತ ಮತ್ತು ಕಬ್ಬಿನ ಗದ್ದೆಗಳಿಗೆ ಇಳಿಯುವುದು ವರ್ಷವರ್ಷದ ಸಮಾಚಾರ. ಬಿದಿರು ಆನೆಯ ಮುಖ್ಯ ಮೇವುಗಳಲ್ಲಿ ಒಂದೆಂಬುದನ್ನು ನೆನೆದರೆ, ಕಾಡಿನ ಬಿದಿರು ಕಾಗದವಾದುದಕ್ಕೂ ರೈತನ ಗದ್ದೆ ತುಳಿತಕ್ಕೆ ಸಿಕ್ಕುದಕ್ಕೂ ಸಂಬಂಧವೇ ಇಲ್ಲವೆನ್ನಲಾಗದು. ಮಳೆಯ ಕ್ರಮವೂ ಕೆಟ್ಟಿದೆ. ೨೦೧೯ರ ಆಗಸ್ಟಿನಲ್ಲಿ ಕಾಳಿ ಉಕ್ಕಿ ದಾಂಡೇಲಿಯ ತಗ್ಗಿನ ವಸತಿಗಳಿಗೂ ಕದ್ರಾ ಅಣೆಕಟ್ಟಿನ ಕೆಳಗಣ ಊರುಗಳಿಗೂ ನೀರು ನುಗ್ಗಿತು. ೨೦೨೧ರ ಜುಲೈಯಲ್ಲಿ ನೆರೆಯ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡಗಳೇ ಜರಿದು ತೋಟಗಳು ಮುಚ್ಚಿಹೋದವು. ೨೦೨೩ರಲ್ಲಿ ರಾಜ್ಯದ ಬಹುಭಾಗವು ಬರಕ್ಕೆ ತುತ್ತಾಯಿತು. ಭೂಮಂಡಲದ ತಾಪ ಏರಿದಂತೆ ಅತಿವೃಷ್ಟಿಯೂ ಅನಾವೃಷ್ಟಿಯೂ ಹತ್ತಿರಹತ್ತಿರ ಬರುವುವೆಂದು ವಿಜ್ಞಾನಿಗಳು ಹೇಳುತ್ತಾರೆ. ಸುರಿದ ಮಳೆಯನ್ನು ಹಿಡಿದು ಇಂಗಿಸಿ, ಬೇಸಗೆಗೆ ಒರತೆಯಾಗಿ ಕೊಡುವ ಕಾಡು ತೆಳುವಾದಷ್ಟೂ ಈ ಎರಡು ವಿಪತ್ತುಗಳೂ ತೀಕ್ಷ್ಣವಾಗುತ್ತವೆ. ಉಳವಿಯಲ್ಲಿ ಶರಣರ ಬಾಯಾರಿಕೆಯನ್ನು ತಣಿಸಿದ ಒರತೆಗೂ ಇದೇ ನಿಯಮ.

ಇದಕ್ಕೆಲ್ಲ ಸಾಹಿತ್ಯವಿಮರ್ಶೆಯು ಏನು ಮಾಡಬಲ್ಲದೆಂದು ಕೇಳಬಹುದು. ಅದು ಮರ ನೆಡಲಾರದು, ನಿಜ. ಆದರೆ ತನ್ನ ಓದನ್ನು ತಿದ್ದಿಕೊಳ್ಳಬಲ್ಲದು. ಕೇತಯ್ಯನವರ ಕಥೆಯನ್ನು ನಿರ್ಲೋಭದ ದೃಷ್ಟಾಂತವೆಂದು ಒಂದು ವಾಕ್ಯದಲ್ಲಿ ಮುಗಿಸದೆ, ಬಿದಿರಿನ ಜೊತೆಗಿಟ್ಟು ವಿದ್ಯಾರ್ಥಿಗಳಿಗೆ ಬೋಧಿಸಬಹುದು. ಕಾಯಕವನ್ನು ಕುರಿತು ಬರೆಯುವಾಗಲೆಲ್ಲ ಲಕ್ಕಮ್ಮನವರು ಹಿಂದಕ್ಕೆ ಕಳುಹಿದ ಅಕ್ಕಿಯನ್ನು ಲೆಕ್ಕಕ್ಕೆ ಹಿಡಿಯಬಹುದು. ಅಕ್ಕನವರ ಗಿಳಿಯನ್ನು ಜೀವಾತ್ಮವೆನ್ನುವುದಕ್ಕೆ ಮೊದಲು ಅದು ಯಾವ ಕಾಡಿನ ಗಿಳಿಯೆಂದು ಕೇಳಬಹುದು. ವಚನಗಳನ್ನು ಅಚ್ಚಿಸುವ ಸಂಸ್ಥೆಗಳು ಕಾಗದದ ಮೂಲವನ್ನು ವಿಚಾರಿಸುವುದೂ, ಮಾರಾಟವಾಗದೆ ಗೆದ್ದಲು ಹಿಡಿಯುವ ಪ್ರತಿಗಳನ್ನು ಅಚ್ಚಿಸದಿರುವುದೂ ಸಣ್ಣ ಕೆಲಸಗಳೇ ಆದರೂ ಅರ್ಥವುಳ್ಳವು. ಉಳವಿಗೆ ಹೋಗುವ ಭಕ್ತನು ಕಾಡಿನಲ್ಲಿ ಚೆಲ್ಲಿ ಬರುವ ಪ್ಲಾಸ್ಟಿಕ್ಕಿಗೂ ಇದೇ ವಿವೇಚನೆ ಸಲ್ಲುತ್ತದೆ. ಶರಣರಿಗೆ ಆಶ್ರಯವಿತ್ತ ಕಾಡು ಅಲ್ಲಿ ಗುಡಿಯ ಹೊರಗಣ ದಾರಿಯಲ್ಲ. ಕ್ಷೇತ್ರದ ಒಂದು ಭಾಗ.

ನಡೆನುಡಿಗಳು ಒಂದಾಗಬೇಕೆಂಬುದು ಶರಣಧರ್ಮದ ಮೂಲಸೂತ್ರ. ಅದನ್ನು ವ್ಯಕ್ತಿಯ ನಡತೆಗೆ ಅನ್ವಯಿಸಿದ ವಿದ್ವಾಂಸರು ಪುಸ್ತಕದ ನಡತೆಗೆ ಅನ್ವಯಿಸಲಿಲ್ಲ. ಕಾಡನ್ನು ಹೊಗಳುವ ಪುಟವು ಯಾವ ಕಾಡಿನಿಂದ ಬಂದಿತು, ಆ ಕಾಡಿನಲ್ಲಿ ಮುಂದಿನ ಮಳೆಗಾಲಕ್ಕೆ ಕಳಲೆ ಏಳುವಷ್ಟು ಬಿದಿರು ಉಳಿದಿದೆಯೇ ಎಂಬ ಪ್ರಶ್ನೆಯನ್ನು ದಾಂಡೇಲಿಯ ಚರಿತ್ರೆಯು ಕನ್ನಡ ವಿದ್ವತ್ತಿನ ಮುಂದಿಟ್ಟಿದೆ. ಮೇದಾರರು ಅದನ್ನು ಅರ್ಧ ಶತಮಾನದ ಹಿಂದೆಯೇ ಕೇಳಿದ್ದರು. ವಚನಾಭ್ಯಾಸಿಗಳು ಅದಕ್ಕೆ ತಮ್ಮ ಪಾಲಿನ ಉತ್ತರವನ್ನು ಇನ್ನೂ ಕೊಡಬೇಕಾಗಿದೆ.